ಲೋಹದ ಸೂಕ್ಷ್ಮ ಕಣಗಳು ಮತ್ತು ನಗರದ ಗಾಳಿ

ದಾದರ್, ಕುರ್ಲಾ, ಅಂಧೇರಿ ಮೊದಲಾದ ಕಡೆಗಳಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದು ಮುಂಬಯಿ ನಿವಾಸಿಗಳಿಗೆ ಚಿರಪರಿಚಿತ ದೃಶ್ಯ. ಪೆಟ್ರೋಲ್ ಪೂರ್ಣವಾಗಿ ಉರಿಯದಿದ್ದಾಗ ಹೊಗೆಯೊಡನೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹೊರಬೀಳುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ನೊಡನೆ ಸೇರಿ, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಇಂತಹ ಮಾಲಿನ್ಯವನ್ನು ತಗ್ಗಿಸುವ ಉದ್ದೇಶದಿಂದ 1995ರ ಏಪ್ರಿಲ್ 1ರಿಂದ ಮುಂಬಯಿ, ದೆಹಲಿ, ಕೋಲ್ಕತ್ತ ಮತ್ತು ಚೆನ್ನೈ ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ರಿಯಾವರ್ಧಕ ಪರಿವರ್ತಕವನ್ನು ಕಡ್ಡಾಯಗೊಳಿಸಲಾಯಿತು.

ಹೊಗೆ ಕೊಳವೆಯ ಮಾರ್ಗದಲ್ಲಿ ಅಳವಡಿಸುವ ಈ ಸಾಧನದೊಳಗೆ ಜೇನುಗೂಡಿನಂತೆ ರಂಧ್ರಗಳಿರುವ ಪಿಂಗಾಣಿಯ ಗಟ್ಟಿಯಿರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಲೇಪವಿದ್ದು, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಅತಿಸೂಕ್ಷ್ಮ ಕಣಗಳು ಹರಡಿಕೊಂಡಿರುತ್ತವೆ. ವಿಷಾನಿಲವು ನಿರುಪದ್ರವ ಅನಿಲವಾಗಿ ಮಾರ್ಪಡುವುದು ಈ ಕಣಗಳ ಮೇಲ್ಮೈಯಲ್ಲಿ ಮಾತ್ರ. ಬೆಲ್ಲದ ಉಂಡೆಗಿಂತ ಬೆಲ್ಲದ ಪುಡಿ ಬೇಗ ಕರಗುವಂತೆ, ಲೋಹವು ಸಣ್ಣ ಕಣಗಳಾದಷ್ಟೂ ಅದರ ಮೇಲ್ಮೈ ಹೆಚ್ಚುತ್ತದೆ. ದುಬಾರಿ ಲೋಹವೂ ಉಳಿತಾಯವಾಗುತ್ತದೆ.

ಈ ಕಣಗಳ ಅಳತೆ ಕೆಲವೇ ನ್ಯಾನೋಮೀಟರುಗಳು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಕಿರಿದಾದ ವಿವರಗಳನ್ನು ಬೇರ್ಪಡಿಸಿ ತೋರಿಸಲಾರದು. ಆದ್ದರಿಂದ ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನು ಬಳಸಲಾಗುತ್ತದೆ. ಇಂತಹ ಮೊದಲ ಉಪಕರಣವನ್ನು 1931ರಲ್ಲಿ ಬರ್ಲಿನ್ನಿನಲ್ಲಿ ನಿರ್ಮಿಸಿದ ಅರ್ನ್‌ಸ್ಟ್ ರುಸ್ಕಾ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪ್ಲಾಟಿನಂನಂತಹ ಭಾರವಾದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹೆಚ್ಚು ಚದುರಿಸುವುದರಿಂದ, ಆಕ್ಸೈಡಿನ ತಿಳಿ ಹಿನ್ನೆಲೆಯಲ್ಲಿ ಲೋಹದ ಕಣಗಳು ಕಪ್ಪು ಚುಕ್ಕೆಗಳಂತೆ ಕಾಣುತ್ತವೆ.

ದೀರ್ಘಕಾಲ ಅತಿಯಾದ ಶಾಖಕ್ಕೆ ಒಳಗಾದ ಪರಿವರ್ತಕದ ಚಿತ್ರದಲ್ಲಿ ಚುಕ್ಕೆಗಳ ಸಂಖ್ಯೆ ಕಡಿಮೆಯಾಗಿ, ಗಾತ್ರ ಹೆಚ್ಚಿರುತ್ತದೆ. ಕಣಗಳು ಒಂದರೊಡನೊಂದು ಸೇರಿಕೊಂಡಿರುವುದೇ ಇದಕ್ಕೆ ಕಾರಣ. ಸಮಾನ ಗಾತ್ರದ ಎಂಟು ಗೋಳಗಳು ಕೂಡಿ ಒಂದಾದರೆ ಒಟ್ಟು ಮೇಲ್ಮೈ ಅರ್ಧಕ್ಕೆ ಇಳಿಯುತ್ತದೆ. ಲೋಹವು ಅಷ್ಟೇ ಇದ್ದರೂ ಅದರ ಸಾಮರ್ಥ್ಯ ಕುಂದುತ್ತದೆ.

ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸವು ಕಣಗಳ ಮೇಲ್ಮೈಯನ್ನೇ ಮುಚ್ಚಿಬಿಡುತ್ತಿತ್ತು. ಆದಕಾರಣವೇ ಪರಿವರ್ತಕದ ಜೊತೆಗೆ ಸೀಸರಹಿತ ಪೆಟ್ರೋಲನ್ನೂ ಅದೇ ದಿನದಿಂದ ಈ ನಗರಗಳಲ್ಲಿ ಒದಗಿಸಲಾಯಿತು. 2000ದಲ್ಲಿ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲಿನ ಬಳಕೆಯನ್ನು ಕೈಬಿಡಲಾಯಿತು. ಆದರೆ ಶಾಖದ ಅಪಾಯ ಇಂದಿಗೂ ಉಳಿದಿದೆ. ಎಂಜಿನ್ ಸರಿಯಾಗಿ ಉರಿಯದಿದ್ದರೆ ಉಳಿದ ಪೆಟ್ರೋಲ್ ಪರಿವರ್ತಕದೊಳಗೆ ಉರಿದು, ಕಣಗಳನ್ನು ಹಾಳುಗೆಡವುತ್ತದೆ. ಎಂಜಿನ್ನಿನ ದೋಷವನ್ನು ಕೂಡಲೇ ಸರಿಪಡಿಸಿಕೊಳ್ಳುವ ವಾಹನ ಮಾಲೀಕರು, ಕಣ್ಣಿಗೆ ಕಾಣದ ಈ ಕಣಗಳನ್ನೂ ನೆರೆಹೊರೆಯವರು ಉಸಿರಾಡುವ ಗಾಳಿಯನ್ನೂ ಒಟ್ಟಿಗೆ ಕಾಪಾಡಿದಂತಾಗುತ್ತದೆ.