ಸಾಲಕ್ಕೆ ಮೊದಲು ಲೆಕ್ಕ



“ಸಿಸ್ಟರ್, ಮಾರಾಟ ಚೆನ್ನಾಗಿ ಆಗುತ್ತೆ, ಆದ್ರೆ ಕೈಲಿ ದುಡ್ಡು ನಿಲ್ಲಲ್ಲ.” ಮನೆಯಲ್ಲೇ ವ್ಯಾಪಾರ ಮಾಡುವ ಸದಸ್ಯೆಯರು ಸಭೆಯಲ್ಲಿ ಹೇಳುವ ಮಾತಿದು. ಹೆಚ್ಚಿನ ಸಲ ಕಾರಣ ಒಂದೇ. ನಮ್ಮ ಕೂಲಿಯನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಬ್ಬ ಸದಸ್ಯೆ ವಾರಕ್ಕೆ 10 ಕೆಜಿ ನಿಪ್ಪಟ್ಟು ಮಾಡುತ್ತಾಳೆ ಎನ್ನೋಣ. (ಇದು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ.)

ಹಿಟ್ಟು, ಕಡ್ಲೆಬೀಜ, ಖಾರದಪುಡಿ – ರೂ. 700
ಎಣ್ಣೆ – ರೂ. 500
ಗ್ಯಾಸ್ – ರೂ. 150
ಕವರ್, ಲೇಬಲ್ – ರೂ. 100
ಆಟೋ – ರೂ. 100
ಒಟ್ಟು – ರೂ. 1,550

ಕೆಜಿಗೆ 180ರಂತೆ ಮಾರಿದರೆ 1,800 ಬರುತ್ತದೆ. “250 ಲಾಭ” ಅನ್ನುತ್ತಾಳೆ. ಆದರೆ ಅವಳು ಎರಡು ದಿನ ಒಲೆ ಮುಂದೆ ಕೂತಿದ್ದಾಳೆ. ದಿನಕ್ಕೆ 125 ರೂಪಾಯಿ ಆಯಿತು! ಹೊಲದ ಕೆಲಸಕ್ಕೆ ಹೋಗಿದ್ದರೆ ಇಷ್ಟಕ್ಕೆ ಒಪ್ಪುತ್ತಿದ್ದಳೇ? ದಿನಕ್ಕೆ 350 ಕೂಲಿ ಹಿಡಿಯಿರಿ. ಆಗ ಖರ್ಚು 2,250. ಲಾಭವಲ್ಲ, 450 ನಷ್ಟ.

ಹಾಗಾದರೆ ಕೆಜಿಗೆ 250 ಇಟ್ಟರೆ? ವಾರಕ್ಕೆ 250 ಲಾಭ. ಬಾಣಲೆ, ಒಲೆಗೆಂದು ಸಂಘದಿಂದ 6,000 ಸಾಲ ಪಡೆದು 30 ವಾರದಲ್ಲಿ ತೀರಿಸುವುದಾದರೆ ವಾರದ ಕಂತು 200. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ಮೊದಲಿಗೆ ವಾರಕ್ಕೆ ಸುಮಾರು 30. ಉಳಿಯುವುದು 20 ರೂಪಾಯಿ. ಒಂದೇ ಒಂದು ಕೆಜಿ ಉದ್ರಿ ವಸೂಲಾಗದಿದ್ದರೂ ಆ ವಾರದ ಲಾಭ ಪೂರ್ತಿ ಹೋಯಿತು. ಕಂತನ್ನು ಕೂಲಿಯಿಂದಲೇ ಕಟ್ಟಬೇಕು.

ಆದ್ದರಿಂದ ಗಿರಾಕಿ ಯಾರು, ಅವರ ಕೈಗೆ ಯಾವಾಗ ದುಡ್ಡು ಬರುತ್ತದೆ ಎಂದೂ ಯೋಚಿಸಿ. ಶಿಡ್ಲಘಟ್ಟದ ಕಡೆ ರೇಷ್ಮೆಗೂಡು ಮಾರಿದಾಗ, ಚಿಂತಾಮಣಿ ಕಡೆ ಟೊಮೆಟೊಗೆ ಬೆಲೆ ಬಂದಾಗ, ಗೌರಿಬಿದನೂರು ಕಡೆ ಮುಸುಕಿನ ಜೋಳ ಮಾರಿದಾಗ ಜನ ನಗದು ಕೊಡುತ್ತಾರೆ. ಬೆಲೆ ಬಿದ್ದಾಗ ಎಲ್ಲರೂ ಉದ್ರಿ ಕೇಳುತ್ತಾರೆ. ಆ ವಾರ ಕಡಿಮೆ ಮಾಡಿ, ಇಲ್ಲವೇ ಅಂಗಡಿ, ಹೋಟೆಲಿನಿಂದ ಮೊದಲೇ ಆರ್ಡರ್ ತನ್ನಿ.

ನೆನಪಿಡಿ:
1. ಮನೆ ದುಡ್ಡು, ವ್ಯಾಪಾರದ ದುಡ್ಡು ಬೇರೆ ಬೇರೆ ಡಬ್ಬಿಯಲ್ಲಿರಲಿ.
2. ಮನೆಯವರು ತಿಂದ ನಿಪ್ಪಟ್ಟನ್ನೂ ಬರೆಯಿರಿ.
3. ತಿಂಡಿ ಮಾರಲು 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.
4. ಮೊದಲು ಕೈಯಲ್ಲಿರುವ ಪಾತ್ರೆಯಲ್ಲೇ ನಾಲ್ಕು ವಾರ ಮಾಡಿ ನೋಡಿ. ಸಾಲ ಆಮೇಲೆ.

ಮುಂದಿನ ಸಭೆಗೆ: ನೀವು ಮಾಡಬೇಕೆಂದಿರುವ ವ್ಯಾಪಾರದ ಒಂದು ವಾರದ ಲೆಕ್ಕ ಬರೆದು ತನ್ನಿ. ಓದು ಬಾರದವರಿಗೆ ಪಕ್ಕದವರು ಬರೆದುಕೊಡಲಿ. ಮೊದಲ ಸಾಲಿನಲ್ಲೇ ನಿಮ್ಮ ಕೂಲಿ ಇರಲಿ.