ಹಳದಿ ತಂತಿ, ಕೆಂಪು ತಂತಿ: ಕಾರಿನ ಸ್ಟೀರಿಯೊ ಮೂಲಕ ವಿದ್ಯುಚ್ಛಕ್ತಿಯ ಪಾಠ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಅಧ್ಯಾಯಕ್ಕೆ ನಾವು ಸಾಮಾನ್ಯವಾಗಿ ಶುಷ್ಕಕೋಶ, ಟಾರ್ಚ್ ಬಲ್ಬು, ಪ್ಲಗ್ ಕೀ ಒಯ್ಯುತ್ತೇವೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ ಅಭ್ಯಾಸ ಬೋಧನೆ ಮಾಡುವಾಗ ನಾನು ಒಂದು ಹಳೆಯ ಕಾರ್ ಸ್ಟೀರಿಯೊ ಒಯ್ದೆ. ಹೊರಗಿನವರಿಗೆ ಬಂಡೂರು ಎಂದರೆ ಕುರಿ. ಅಲ್ಲಿನ ಮಕ್ಕಳ ಕಣ್ಣಿಗೆ ದಿನವೂ ಬೀಳುವುದು ಆ ಕುರಿ ಸಾಗಿಸುವ ಗೂಡ್ಸ್ ಗಾಡಿ, ಹಾಡು ಹಾಕಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್. ಅಣ್ಣನ ಗಾಡಿಗೆ ಸೆಟ್ಟು ಕೂರಿಸುವಾಗ ಟಾರ್ಚ್ ಹಿಡಿದು ನಿಂತ ಹುಡುಗರು ತರಗತಿಯಲ್ಲಿದ್ದರು. ಇನ್ನೆರಡು ವರ್ಷಕ್ಕೆ ಅವರೇ ತಂತಿಗೆ ಕೈ ಹಾಕುವವರು. ಆದ್ದರಿಂದ ಈ ಪಾಠ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ.

ಪಾಠ ಯೋಜನೆಗೆ ಒಂದು ನಿಯಮ ಇಟ್ಟುಕೊಂಡೆ. ಜೋಡಣೆಯ ಯಾವ ಹಂತಕ್ಕೆ 'ಏಕೆ' ಎಂದು ಕೇಳಿದರೆ ವಿಜ್ಞಾನದ ನಿಯಮವೇ ಉತ್ತರವಾಗುತ್ತದೋ ಅದು ಮಾತ್ರ ಪಾಠದೊಳಗೆ. ಡ್ಯಾಶ್‌ಬೋರ್ಡ್ ಬಿಚ್ಚುವುದು, ಫ್ರೇಮ್ ಕೂರಿಸುವುದು ಗ್ಯಾರೇಜಿನ ಕೆಲಸ, ಅವನ್ನು ಬಿಟ್ಟೆ.

ಬೋಧನೋಪಕರಣ: ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಸ್ಟೀರಿಯೊ, 4 ಓಮ್‌ನ ಎರಡು ಸ್ಪೀಕರ್, ಒಂದು ಸ್ವಿಚ್ಚು, 2 ಮತ್ತು 10 ಆಂಪಿಯರ್ ಬ್ಲೇಡ್ ಫ್ಯೂಸುಗಳು, 60 ವ್ಯಾಟಿನ ಹೆಡ್‌ಲೈಟ್ ಬಲ್ಬು, ಮಲ್ಟಿಮೀಟರ್, ಒಂದು ತಗಡಿನ ಹಲಗೆ.

ಹಂತ 1: ಒಂದೇ ತಂತಿಯ ಒಗಟು

ಗಾಡಿಯ ಹಿಂದಿನ ದೀಪಕ್ಕೆ ಎಷ್ಟು ತಂತಿ ಹೋಗಿದೆ ಎಂದು ಕೇಳಿದೆ. "ಒಂದೇ ಸಾರ್" ಎಂದು ಒಬ್ಬ ಹೇಳಿದ. "ಹಾಗಾದರೆ ಮಂಡಲ ಪೂರ್ಣವಾಗುವುದು ಹೇಗಪ್ಪ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬ್ಯಾಟರಿಯ ಋಣ ತುದಿಯನ್ನು ತಗಡಿಗೆ ಜೋಡಿಸಿ, ಬಲ್ಬಿನ ಒಂದು ತುದಿಯನ್ನು ಧನಕ್ಕೆ, ಇನ್ನೊಂದನ್ನು ತಗಡಿನ ಬೇರೊಂದು ಮೂಲೆಗೆ ಮುಟ್ಟಿಸಿದೆ. ಬಲ್ಬು ಉರಿಯಿತು. ಗಾಡಿಯ ಬಾಡಿಯೇ ಎರಡನೆಯ ತಂತಿ ಎಂದು ಮಕ್ಕಳೇ ಹೇಳಿದರು. ಸ್ಟೀರಿಯೊದ ಕಪ್ಪು ತಂತಿಯನ್ನು ಬಾಡಿಗೆ ಬಿಗಿಯುವುದು ಇದಕ್ಕೇ.

ಇಲ್ಲಿಂದ ಮುಂದಿನ ಪ್ರಶ್ನೆ: ಕೆಲಸಕ್ಕೆ ಮುಂಚೆ ಬ್ಯಾಟರಿಯ ಯಾವ ತುದಿ ಮೊದಲು ಬಿಚ್ಚಬೇಕು? ಋಣ ತುದಿ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಎರಡೂ ಒಂದೇ ವಿಭವದಲ್ಲಿವೆ, ಪ್ರವಾಹವಿಲ್ಲ. ಧನ ತುದಿಯನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್ ಸರ್ಕ್ಯೂಟ್. ವಿಭವಾಂತರ ಎಂಬ ಪದದ ವ್ಯಾಖ್ಯೆಯನ್ನು ನಾನು ಬರೆಸುವ ಮೊದಲೇ ಅದರ ಉಪಯೋಗ ಮಕ್ಕಳಿಗೆ ತಿಳಿದಿತ್ತು.

ಹಂತ 2: ಎರಡು ಧನ ತಂತಿ ಏಕೆ?

ಹೊರಗೆ ಕೊಳ್ಳುವ ಸೆಟ್ಟುಗಳಲ್ಲಿ ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆಯುವುದು. ಕೆಂಪು ತಂತಿಗೆ ಗಾಡಿಯ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಕೀಯ ಬದಲು ಸ್ವಿಚ್ಚು ಇಟ್ಟು ಎರಡನ್ನೂ ಜೋಡಿಸಿದೆವು. ಏರಿಯಲ್ ಬದಲು ಒಂದು ಉದ್ದ ತಂತಿ ಸಿಕ್ಕಿಸಿದಾಗ ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಕೇಳಿಸಿತು. ಸ್ವಿಚ್ಚು ಆರಿಸಿ ಹಾಕಿದರೆ ಗಡಿಯಾರ ಸರಿಯಾಗಿಯೇ ಇತ್ತು. ಹಳದಿ ತಂತಿ ಕಿತ್ತು ಮತ್ತೆ ಜೋಡಿಸಿದಾಗ ಗಡಿಯಾರ ಮೊದಲಿನಿಂದ ಶುರುವಾಯಿತು. ಹಳದಿ ತಂತಿಯ ಒಂದು ಕೆಲಸ ನೆನಪನ್ನು ಉಳಿಸುವುದು ಎಂಬುದು ಹೀಗೆ ಕಣ್ಣಿಗೇ ಕಂಡಿತು.

ಕೆಂಪು ತಂತಿಯನ್ನೂ ಹಳದಿಯ ಜೊತೆ ಸುತ್ತಿಬಿಟ್ಟರೆ? ಸೆಟ್ಟು ಕೆಲಸ ಮಾಡುತ್ತದೆ. ಕೀ ತೆಗೆದರೂ ಆರುವುದಿಲ್ಲ. ಲೆಕ್ಕ ಮಾಡಿಸಿದೆ. ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಎಂದುಕೊಳ್ಳೋಣ. ನೆನಪಿಗೆ ಮಾತ್ರ 5 ಮಿಲಿಆಂಪಿಯರ್ ಹರಿದರೆ 35 ÷ 0.005 = 7000 ಗಂಟೆ, ಸುಮಾರು 290 ದಿನ. ಸೆಟ್ಟು ಎಚ್ಚರವಾಗಿದ್ದು ಅರ್ಧ ಆಂಪಿಯರ್ ಎಳೆದರೆ 70 ಗಂಟೆ, ಮೂರು ದಿನವೂ ಇಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಸ್ಟಾರ್ಟರ್ ತಿರುಗುವುದು ನಿಲ್ಲುತ್ತದೆ. "ಬೆಳಗ್ಗೆ ಗಾಡಿ ತಳ್ಳೋದು ಅದಕ್ಕೇಯ!" ಎಂದಳು ಮುಂದಿನ ಬೆಂಚಿನ ಹುಡುಗಿ.

ಒಂದು ಎಚ್ಚರಿಕೆ: ಈ ಬಣ್ಣಗಳು ಸೆಟ್ಟಿನವು. ಗಾಡಿಯ ಸ್ವಂತ ತಂತಿಗಳ ಬಣ್ಣ ಕಂಪನಿಗೊಂದು ಬಗೆ. ಆದ್ದರಿಂದ ಬಣ್ಣ ನಂಬದೆ, ಕೀ ತಿರುಗಿಸಿ, ತೆಗೆದು, ಮೀಟರಿನಲ್ಲಿ ನೋಡಿಯೇ ತಿಳಿಯಬೇಕು. ಇಲ್ಲವೇ ಗಾಡಿಗೆ ಹೊಂದುವ ಕಪ್ಲರ್ ಕೊಳ್ಳಬೇಕು.

ಹಂತ 3: ಸ್ಪೀಕರು

ಮೀಟರು ಸ್ಪೀಕರಿನ ರೋಧವನ್ನು 3ಕ್ಕೂ 4ಕ್ಕೂ ನಡುವೆ ತೋರಿಸಿತು. ಮೀಟರು ಅಳೆಯುವುದು ಸುರುಳಿಯ ರೋಧವನ್ನು ಮಾತ್ರ. ಬರೆದಿರುವ 4 ಓಮ್ ಧ್ವನಿಯ ಪರ್ಯಾಯ ಪ್ರವಾಹಕ್ಕೆ ಸಂಬಂಧಿಸಿದ್ದು ಎಂದು ಚುಟುಕಾಗಿ ಹೇಳಿ ಮುಂದುವರಿದೆ. ಒಂದೇ ಜೋಡಿ ತಂತಿಗೆ ಎರಡು ಸ್ಪೀಕರ್ ಸಮಾಂತರವಾಗಿ ಹಾಕಿದರೆ 2 ಓಮ್, ಪ್ರವಾಹ ಎರಡರಷ್ಟು. ಸರಣಿಯಲ್ಲಿ ಹಾಕಿದರೆ 8 ಓಮ್, ಪ್ರವಾಹ ಅರ್ಧ. ಸೆಟ್ಟಿನ ಮೇಲೆ ಕನಿಷ್ಠ 4 ಓಮ್ ಎಂದಿದ್ದರೆ ಯಾವುದು ಅಪಾಯ? ಉತ್ತರ ತಡವಾಗಲಿಲ್ಲ. ಸ್ಪೀಕರಿನ ಋಣ ತಂತಿಯನ್ನು ಮಾತ್ರ ಬಾಡಿಗೆ ಜೋಡಿಸಬಾರದು ಎಂಬುದನ್ನೂ ಒತ್ತಿ ಹೇಳಬೇಕು. ಇಂದಿನ ಸೆಟ್ಟುಗಳಲ್ಲಿ ಆ ತಂತಿಯಲ್ಲಿಯೂ ವೋಲ್ಟೇಜ್ ಇರುತ್ತದೆ. ಹಂತ 1ರಲ್ಲಿ ಕಲಿತದ್ದನ್ನು ಮಕ್ಕಳು ಇಲ್ಲಿಗೂ ಎಳೆದು ತರುವುದು ಸಹಜ.

ಹಂತ 4: ಫ್ಯೂಸು

"ಹನ್ನೆರಡು ವೋಲ್ಟು ತಾನೆ ಸಾರ್, ಏನೂ ಆಗಲ್ಲ." ಈ ಪಾಠದ ತಿರುಳು ಇರುವುದು ಈ ಮಾತಿನಲ್ಲಿ. ಒಣಗಿದ ಕೈಗೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ತಂತಿಗೆ?

60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 60 ÷ 12 = 5 ಆಂಪಿಯರ್. ಅದಕ್ಕೆ ಸರಣಿಯಲ್ಲಿ 2 ಆಂಪಿಯರ್ ಫ್ಯೂಸು ಹಾಕಿದರೆ? ಮೊದಲು ಎಲ್ಲರೂ ಊಹೆ ಬರೆದರು, ಆಮೇಲೆ ಸ್ವಿಚ್ಚು ಒತ್ತಿದೆ. ಫ್ಯೂಸು ಹೋಯಿತು. 10 ಆಂಪಿಯರ್ ಹಾಕಿದಾಗ ಬಲ್ಬು ಉರಿಯಿತು. ಮೂರನೆಯದಾಗಿ, ಅನೇಕರು ಮಾಡುವಂತೆ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಚಿ ಇಟ್ಟೆ. ಆಗಲೂ ಬಲ್ಬು ಚೆನ್ನಾಗಿಯೇ ಉರಿಯಿತು. ಹುಡುಗರು ಗೆದ್ದವರಂತೆ ನಕ್ಕರು.

ಪ್ರಶಿಕ್ಷಣಾರ್ಥಿಗಳು ಇಲ್ಲಿ ಅವಸರಪಡಬಾರದು. ಬೆಳ್ಳಿ ಕಾಗದ ಕೆಲಸ ಮಾಡುತ್ತದೆ ಎಂಬುದೇ ಅದರ ಅಪಾಯ. ಎಲ್ಲವೂ ಸರಿಯಿದ್ದಾಗ ಅದಕ್ಕೂ ಫ್ಯೂಸಿಗೂ ವ್ಯತ್ಯಾಸ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನ ಒಳಗೆ ಹಳದಿ ತಂತಿಯ ಸಿಪ್ಪೆ ಸವೆದು ಬಾಡಿಗೆ ತಗುಲಿತು, ಮಂಡಲದ ಒಟ್ಟು ರೋಧ 0.1 ಓಮ್ ಎಂದು ಲೆಕ್ಕ ಕೊಟ್ಟೆ. ಪ್ರವಾಹ 12 ÷ 0.1 = 120 ಆಂಪಿಯರ್; ಸಾಮರ್ಥ್ಯ 12 × 120 = 1440 ವ್ಯಾಟ್. ಮನೆಯ ಇಸ್ತ್ರಿಪೆಟ್ಟಿಗೆ ಸುಮಾರು 1000 ವ್ಯಾಟ್. ಅದಕ್ಕಿಂತ ಹೆಚ್ಚಿನ ಶಾಖ, ಪ್ಲಾಸ್ಟಿಕ್ ನಡುವಿನ ತೆಳು ತಂತಿಯಲ್ಲಿ, ಬ್ಯಾಟರಿಯ ಒಳಗೆ. ನಗು ನಿಂತಿತು. ಈ ಶಾರ್ಟ್ ಸರ್ಕ್ಯೂಟನ್ನು ಮಾಡಿ ತೋರಿಸಲು ಯಾರೂ ಹೋಗಬಾರದು, ಲೆಕ್ಕವೇ ಸಾಕು.

ಮೌಲ್ಯಮಾಪನ

ಕೊನೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ: ಪೆಟ್ಟಿಗೆಯ ಮೇಲೆ '50 ವ್ಯಾಟ್ × 4' ಎಂದಿದೆ, ಸೆಟ್ಟಿನ ಹಿಂದೆ 10 ಆಂಪಿಯರ್ ಫ್ಯೂಸು ಇದೆ, ಎಂಜಿನ್ ಓಡುವಾಗ 14 ವೋಲ್ಟ್ ಎಂದುಕೊಂಡರೆ ಯಾವುದನ್ನು ನಂಬುವಿರಿ? 14 × 10 = 140 ವ್ಯಾಟ್. ಒಳಗೆ ಬರುವುದೇ 140 ಆದರೆ 200 ವ್ಯಾಟನ್ನು ಸತತವಾಗಿ ಹೊರಗೆ ಕೊಡಲಾಗದು. ಪೆಟ್ಟಿಗೆಯದು ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ಜಾಹೀರಾತನ್ನು ವಿದ್ಯುತ್ ಸಾಮರ್ಥ್ಯದ ಸೂತ್ರದ ಪಕ್ಕದಲ್ಲಿಟ್ಟು ಓದುವುದನ್ನು ಕಲಿತ ವಿದ್ಯಾರ್ಥಿ ಅಂಗಡಿಯಲ್ಲಿಯೂ ಮೋಸ ಹೋಗುವುದು ಕಡಿಮೆ.

ಇದು ವಿಜ್ಞಾನದ ಪಾಠವೋ ಗ್ಯಾರೇಜಿನ ತರಬೇತಿಯೋ ಎಂದು ವೀಕ್ಷಕರು ಕೇಳಬಹುದು. ಪಠ್ಯದ ಪ್ರವಾಹ, ವಿಭವಾಂತರ, ಸರಣಿ, ಸಮಾಂತರ, ಸಾಮರ್ಥ್ಯ, ಫ್ಯೂಸು ಎಲ್ಲವೂ ಇದರಲ್ಲಿ ಬಂದಿವೆ. ಬದಲಾದದ್ದು ಕ್ರಮ ಮಾತ್ರ: ಕೆಲಸ ಮೊದಲು, ನಿಯಮ ಆಮೇಲೆ. ನಿಮ್ಮ ಶಾಲೆಯ ಊರಿನಲ್ಲಿ ಸ್ಟೀರಿಯೊ ಬದಲು ಪಂಪ್‌ಸೆಟ್ಟಿನ ಸ್ಟಾರ್ಟರೋ ಸೋಲಾರ್ ದೀಪವೋ ಇರಬಹುದು. ಮಕ್ಕಳ ಕೈ ನಾಳೆ ಯಾವ ತಂತಿಯ ಮೇಲೆ ಬೀಳುತ್ತದೆ ಎಂದು ವಿಚಾರಿಸಿ, ಪಾಠವನ್ನು ಅಲ್ಲಿಂದ ಶುರುಮಾಡಿ.