ಮನೆಗೊಂದು ನಾಯಿ

ಮನುಷ್ಯನಿಗೂ ನಾಯಿಗೂ ಇರುವ ನಂಟು ಬಹು ಪುರಾತನವಾದುದು. ನೆಲವನ್ನು ಉತ್ತು ಬಿತ್ತುವುದನ್ನು ಕಲಿಯುವುದಕ್ಕೂ ಮೊದಲೇ, ಬೇಟೆಯಾಡಿ ಬದುಕುತ್ತಿದ್ದ ಕಾಲದಲ್ಲಿಯೇ, ಮನುಷ್ಯನು ನಾಯಿಯನ್ನು ತನ್ನ ಜೊತೆಗಾರನನ್ನಾಗಿ ಮಾಡಿಕೊಂಡನು. ಹಸು, ಎಮ್ಮೆ, ಕುದುರೆಗಳು ಅವನ ಬಳಿಗೆ ಬಂದುದು ಆಮೇಲೆ. ಇಷ್ಟು ಹಳೆಯ ಗೆಳೆಯನನ್ನು ಮನೆಗೆ ಕರೆತರುವುದಕ್ಕೆ ಯೋಚನೆಯಾದರೂ ಏಕೆ ಎಂದು ನೀವು ಕೇಳಬಹುದು. ಕಳೆದ ವರ್ಷ ನನ್ನ ಮೊಮ್ಮಗನೂ ಹೀಗೆಯೇ ಕೇಳಿದನು. ಅವನಿಗೆ ಸರಿಯಾದ ಉತ್ತರ ಹೇಳಲು ನಮ್ಮ ಮನೆಯವರಿಗೆಲ್ಲ ಐದು ವಾರಗಳು ಬೇಕಾದವು.

ಆಗ ಅವನು ಒಂಬತ್ತನೆಯ ತರಗತಿಯಲ್ಲಿದ್ದನು. ಹಾಸನದಲ್ಲಿರುವ ನಮ್ಮ ಮನೆಯ ಹಿಂದೆ ಅರ್ಧಕ್ಕೆ ನಿಂತ ಕಟ್ಟಡವೊಂದಿದೆ. ಅಲ್ಲಿನ ಮರಳಿನ ರಾಶಿಯ ಮರೆಯಲ್ಲಿ ಬೀದಿಯ ನಾಯಿಯೊಂದು ಐದು ಮರಿಗಳನ್ನು ಹಾಕಿತ್ತು. ಮರಿಗಳಿಗೆ ಮೂರು ವಾರ ತುಂಬಿ, ಅವು ತಡವರಿಸುತ್ತ ನಡೆಯತೊಡಗಿದ್ದವು. ಅವುಗಳಲ್ಲಿ ಒಂದು ಕಂದು ಬಣ್ಣದ ಮರಿ. ಅದರ ಬಾಲದ ತುದಿ ಮಾತ್ರ ಬೆಳ್ಳಗಿತ್ತು. ಶಾಲೆಯಿಂದ ಬಂದ ಮೊಮ್ಮಗನು ಚೀಲವನ್ನಿಳಿಸಿ ನೇರವಾಗಿ ಆ ಮರಿಯ ಬಳಿಗೆ ಹೋಗುವುದು ವಾಡಿಕೆಯಾಯಿತು. ಒಂದು ಭಾನುವಾರ ಊಟವಾದ ಮೇಲೆ, ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದಾಗ, ಅವನು ತನ್ನ ಬಯಕೆಯನ್ನು ಮುಂದಿಟ್ಟನು.

ಮೊದಲು ಮಾತನಾಡಿದವಳು ನನ್ನ ಮಡದಿ. "ಈ ಮನೆಯಲ್ಲಿ ದೇವರ ಪೂಜೆ, ಮಡಿ ಎಂಬುದೊಂದಿದೆ. ನಾಯಿ ಎಲ್ಲೆಂದರಲ್ಲಿ ಓಡಾಡಿದರೆ ನನ್ನಿಂದಾಗದು. ಅಲ್ಲದೆ ಅದು ಕಚ್ಚಿದರೆ ಗತಿಯೇನು?" ಎಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ನಗುತ್ತಲೇ, "ಮಾವ, ತಿಂಗಳು ಕಳೆಯುವಷ್ಟರಲ್ಲಿ ಈ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ, ನೋಡುತ್ತಿರಿ" ಎಂದಳು. ಮಗನಿಗೆ ಖರ್ಚಿನ ಚಿಂತೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಟರೆ ನಾಯಿಯನ್ನು ಎಲ್ಲಿ ಬಿಡುವುದೆಂಬುದೂ ಅವನ ಪ್ರಶ್ನೆಯಾಗಿತ್ತು. ಇವುಗಳಲ್ಲಿ ಯಾವ ಮಾತೂ ತಳ್ಳಿಹಾಕುವಂಥದಾಗಿರಲಿಲ್ಲ.

ಮೊಮ್ಮಗನು ಸುಮ್ಮನಾಗಲಿಲ್ಲ. ನನ್ನ ಕಡೆಗೆ ತಿರುಗಿ, "ತಾತ, ಆತಕೂರಿನ ಶಾಸನದ ಕಥೆಯನ್ನು ನೀವೇ ಅಲ್ಲವೇ ಹೇಳಿದ್ದು? ಅಂಥ ವೀರನೇ ನಾಯಿಯನ್ನು ಕೇಳಿ ಪಡೆದನಲ್ಲ!" ಎಂದನು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನವು ಕ್ರಿ.ಶ. 949-50ರದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದಲ್ಲಿ ಚೋಳರೊಡನೆ ಕಾದಿದನು. ಆ ಯುದ್ಧದಲ್ಲಿ ಮಣಲೇರನೆಂಬ ವೀರನು ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದು ಬೂತುಗನು ಹೇಳಲು, ಮಣಲೇರನು ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಸೆಣಸಿತು. ನಾಯಿ ಹಂದಿಗಳೆರಡೂ ಸತ್ತವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆ ತಪ್ಪದೆ ನಡೆಯುವಂತೆ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಗಳ ಕಾಳಗದ ಕೆತ್ತನೆಯನ್ನು ಆ ಕಲ್ಲಿನ ಮೇಲೆ ಇಂದಿಗೂ ಕಾಣಬಹುದು.

"ಕಥೆಯ ಮೊದಲರ್ಧವನ್ನು ಮಾತ್ರ ನೀನು ಹಿಡಿದುಕೊಂಡಿರುವೆ. ಮಣಲೇರನು ಕೇಳಿ ಪಡೆದುದು ದೊಡ್ಡದಲ್ಲ. ಅದು ಸತ್ತ ಮೇಲೂ ಅದನ್ನು ಕೈಬಿಡಲಿಲ್ಲವೆಂಬುದು ದೊಡ್ಡದು. ನಾನು ಹಾಗೆ ಮಾಡಲಿಲ್ಲ" ಎಂದೆನು. ಅದುವರೆಗೆ ಯಾರಿಗೂ ಹೇಳದಿದ್ದ ಸಂಗತಿಯೊಂದನ್ನು ಅಂದು ಹೇಳಬೇಕಾಯಿತು.

1971ರಲ್ಲಿ ನನಗೆ ಹತ್ತು ವರ್ಷ. ಅಪ್ಪನಿಗೆ ಹೇಳದೆ ಒಂದು ಕಪ್ಪು ಮರಿಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಮನೆಗೆ ತಂದೆನು. ಕರಿಯ ಎಂದು ಹೆಸರಿಟ್ಟೆನು. ಎರಡು ವರ್ಷ ಅದು ನಾನು ಹೋದಲ್ಲೆಲ್ಲ ಬರುತ್ತಿತ್ತು. ನನ್ನ ಶಾಲೆ ಬಿಡುವ ಹೊತ್ತಿಗೆ ಹುಣಿಸೆಯ ಮರದ ಕೆಳಗೆ ಬಂದು ಕುಳಿತಿರುತ್ತಿತ್ತು. ಅನಂತರ ಅಪ್ಪನಿಗೆ ದೂರದ ಊರಿಗೆ ವರ್ಗವಾಯಿತು. ಸಾಮಾನುಗಳನ್ನೆಲ್ಲ ಲಾರಿಗೆ ಏರಿಸಿದೆವು. ಒರಳುಕಲ್ಲಿಗೆ ಜಾಗವಿತ್ತು, ಒಡೆದ ಕುರ್ಚಿಗೂ ಜಾಗವಿತ್ತು, ಕರಿಯನಿಗೆ ಇರಲಿಲ್ಲ. ನಾನು ಕೇಳಲೂ ಇಲ್ಲ. ಹೊಸ ಊರಿನ ಉತ್ಸಾಹದಲ್ಲಿ ಲಾರಿಯ ಮುಂಭಾಗದಲ್ಲಿ ಕುಳಿತಿದ್ದೆನು. ಲಾರಿ ಹೊರಟಾಗ ಕರಿಯನು ಕೆರೆಯ ಏರಿಯವರೆಗೂ ಓಡಿ ಬಂದನು. ಆಮೇಲೆ ಧೂಳಿನಲ್ಲಿ ಕಾಣದಾದನು. ತಿಂಗಳು ಕಳೆದ ಮೇಲೆ ನೆರೆಮನೆಯವರಿಂದ ಅಪ್ಪನಿಗೆ ಕಾಗದ ಬಂತು. ಬೀಗ ಹಾಕಿದ ನಮ್ಮ ಮನೆಯ ಜಗುಲಿಯ ಮೇಲೆಯೇ ಅದು ಬಹಳ ದಿನ ಮಲಗಿತ್ತೆಂದೂ, ಹಾಕಿದ ಅನ್ನವನ್ನು ಸರಿಯಾಗಿ ತಿನ್ನಲಿಲ್ಲವೆಂದೂ, ಆಮೇಲೆ ಕಾಣಿಸಲಿಲ್ಲವೆಂದೂ ಅದರ ಕೊನೆಯಲ್ಲಿ ಎರಡು ಸಾಲು ಇದ್ದವು.

ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ನಾನು ಈ ವಿಷಯವನ್ನು ತಿಳಿದುದು ಉಪಾಧ್ಯಾಯನಾದ ಮೇಲೆ. ಆದರೆ ಆ ಕಾಗದವನ್ನು ಓದಿದ ದಿನ ನನಗೆ ಕಾಯ್ದೆಯ ಅಗತ್ಯವಿರಲಿಲ್ಲ.

ಮರುದಿನ ಮೊಮ್ಮಗನನ್ನು ಪಶುವೈದ್ಯರ ಬಳಿಗೆ ಕರೆದೊಯ್ದೆನು. ಅವರು ಬಹಳ ಸಾವಧಾನವಾಗಿ ವಿವರಿಸಿದರು. ಮರಿಯು ಎಂಟು ವಾರಗಳಾಗುವವರೆಗೆ ತಾಯಿಯ ಬಳಿಯಲ್ಲಿಯೇ ಇರಬೇಕು. ಕಚ್ಚಿದರೆ ನೋವಾಗುತ್ತದೆಂಬ ಪಾಠವನ್ನೂ ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದಲೇ ಕಲಿಯುತ್ತದೆ. ಮನೆಗೆ ಬಂದ ಮೇಲೆ ಜಂತುಹುಳುವಿನ ಔಷಧಿ, ಹಲವು ಕಾಯಿಲೆಗಳ ಚುಚ್ಚುಮದ್ದು ಕೊಡಿಸಬೇಕು. ಮೂರು ತಿಂಗಳಾದಾಗ ರೇಬೀಸ್ ಎಂಬ ಹುಚ್ಚುರೋಗದ ಚುಚ್ಚುಮದ್ದನ್ನು ತಪ್ಪಿಸಬಾರದು. 1885ರಲ್ಲಿ ಲೂಯಿ ಪಾಶ್ಚರನು ಮೊದಲ ಬಾರಿಗೆ ಬಾಲಕನೊಬ್ಬನಿಗೆ ಈ ರೋಗದ ಲಸಿಕೆಯನ್ನು ಕೊಟ್ಟನು. ಆದರೂ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಂದಿಗೂ ಅತಿ ವಿರಳ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಮಗೆ ರುಚಿಯಾದರೂ ನಾಯಿಗೆ ವಿಷ. "ನಾಯಿ ಹತ್ತು ಹದಿಮೂರು ವರ್ಷ ಬದುಕುತ್ತದೆ. ನೀನು ಓದಲೆಂದು ಬೇರೆ ಊರಿಗೆ ಹೋದ ಮೇಲೂ ಅದು ಈ ಮನೆಯಲ್ಲಿಯೇ ಇರುತ್ತದೆ" ಎಂದು ಅವರು ಕೊನೆಯಲ್ಲಿ ಹೇಳಿದ ಮಾತು ಹುಡುಗನ ಮನಸ್ಸಿಗೆ ನಾಟಿತು.

ಮರಿಗೆ ಎಂಟು ವಾರ ತುಂಬಲು ಇನ್ನೂ ಐದು ವಾರಗಳಿದ್ದವು. ನಾನೊಂದು ಸಲಹೆ ಕೊಟ್ಟೆನು: "ಈ ಮೂವತ್ತೈದು ದಿನ ನಾಯಿಯಿಲ್ಲದೆಯೇ ನಾಯಿಯನ್ನು ಸಾಕು. ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ನಡೆದು ಬಾ. ಸಂಜೆಯೂ ಹಾಗೆಯೇ. ನೀರಿನ ಬಟ್ಟಲನ್ನು ತೊಳೆದು ತುಂಬಿಸು. ರಾತ್ರಿ ಮಲಗುವ ಮುನ್ನ ಜಗುಲಿಯನ್ನು ಗುಡಿಸು. ಮಾಡಿದುದನ್ನೂ ಮಾಡದುದನ್ನೂ ಪುಸ್ತಕದಲ್ಲಿ ಬರೆದಿಡು." ಅವನು ಒಪ್ಪಿದನು.

ಮೊದಲ ವಾರ ಉತ್ಸಾಹವೋ ಉತ್ಸಾಹ. ಎರಡನೆಯ ವಾರ ಚಳಿ ಹೆಚ್ಚಿತು; ಅಲಾರಂ ಗಡಿಯಾರ ಎರಡು ಸಲ ಕೂಗಬೇಕಾಯಿತು. ಆದರೂ ಎದ್ದನು. ಅವನು ತುಂಬಿಸಿಟ್ಟ ಬಟ್ಟಲಿನ ನೀರನ್ನು ಆ ತಾಯಿನಾಯಿಯೇ ಬಂದು ಕುಡಿದು ಹೋಗತೊಡಗಿತು. ಅದನ್ನು ಕಿಟಕಿಯಿಂದ ನನ್ನ ಮಡದಿ ನೋಡುತ್ತಿದ್ದುದನ್ನು ನಾನು ಕಂಡೆನು, ಏನೂ ಹೇಳಲಿಲ್ಲ.

ಮೂವತ್ತಾರನೆಯ ದಿನ ಎಲ್ಲರೂ ಮತ್ತೆ ಪಡಸಾಲೆಯಲ್ಲಿ ಸೇರಿದೆವು. ಮೊಮ್ಮಗನು ಪುಸ್ತಕವನ್ನು ನನ್ನ ಕೈಗಿತ್ತು, ತಲೆ ತಗ್ಗಿಸಿ ನುಡಿದನು: "ತಾತ, ನಾಲ್ಕು ದಿನ ತಪ್ಪಿದೆ. ಒಂದು ದಿನ ಮಳೆ, ಒಂದು ದಿನ ಪಂದ್ಯ, ಎರಡು ದಿನ ಕಿರುಪರೀಕ್ಷೆ. ನಿಜವಾಗಿಯೂ ನಾಯಿ ಇದ್ದಿದ್ದರೆ ಆ ನಾಲ್ಕು ದಿನವೂ ಅದು ಬಾಗಿಲನ್ನೇ ನೋಡುತ್ತ ಕುಳಿತಿರುತ್ತಿತ್ತು. ನನಗೆ ನಾಯಿ ಬೇಡ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ, ಎಲ್ಲರಿಗಿಂತ ಹೆಚ್ಚಾಗಿ ವಿರೋಧಿಸಿದ್ದ ನನ್ನ ಮಡದಿಯೇ, "ಆ ನಾಲ್ಕು ದಿನ ನಾನು ಕರೆದುಕೊಂಡು ಹೋಗುತ್ತೇನೆ. ನಡೆಯಬೇಕೆಂದು ನನಗೂ ವೈದ್ಯರು ಹೇಳಿ ವರ್ಷವಾಯಿತು. ದೇವರ ಮನೆಗೂ ಅಡಿಗೆಮನೆಗೂ ಬಿಡಕೂಡದು, ಅಷ್ಟೆ" ಎಂದಳು. ವೈದ್ಯರ ಖರ್ಚು ತನ್ನದೆಂದು ಮಗ ಹೇಳಿದನು; ಭಾನುವಾರದ ದಿನ ತಾನು ನೋಡಿಕೊಳ್ಳುವುದಾಗಿ ಸೊಸೆ ಒಪ್ಪಿದಳು. ಊರಿಗೆ ಹೋಗುವ ಸಂದರ್ಭ ಬಂದರೆ ಮನೆಯಲ್ಲಿರುವವನು ನಾನು.

ನಾಯಿಯು ಒಬ್ಬ ಹುಡುಗನ ಆಸೆಯಿಂದ ಮನೆಗೆ ಬರಬಹುದು. ಆದರೆ ಒಬ್ಬನ ಆಸೆಯಿಂದಲೇ ಅದು ಬಾಳಲಾರದು. ಅದನ್ನು ಬರಮಾಡಿಕೊಳ್ಳಬೇಕಾದುದು ಇಡೀ ಮನೆ. ಹಾಗೆ ಒಪ್ಪಿಕೊಳ್ಳಲಾಗದ ಮನೆಯು 'ಈಗ ಬೇಡ' ಎಂದು ಹೇಳಿದರೆ ಅದು ನಿರ್ದಯೆಯಲ್ಲ. ತಂದು ಬಿಟ್ಟುಬಿಡುವುದೇ ನಿರ್ದಯೆ.

ಪುಸ್ತಕದ ಕೊನೆಯ ಪುಟದಲ್ಲಿ ನಾನೊಂದು ನಿಯಮವನ್ನು ಬರೆದೆನು: 'ಎಂದಾದರೂ ಮನೆ ಬದಲಾಯಿಸಿದರೆ, ಸಾಮಾನುಗಳಿಗಿಂತ ಮೊದಲು ನಾಯಿಯನ್ನು ಹತ್ತಿಸತಕ್ಕದ್ದು.' ಎಲ್ಲರೂ ಅದರ ಕೆಳಗೆ ರುಜು ಹಾಕಿದರು.

ಆ ಸಂಜೆ ಮರಿ ಮನೆಗೆ ಬಂದಿತು. ಬಣ್ಣ ಕಂದಾದರೂ ಮೊಮ್ಮಗನು ಅದಕ್ಕೆ ಕರಿಯ ಎಂದು ಹೆಸರಿಟ್ಟನು. ಏಕೆಂದು ನಾನು ಕೇಳಲಿಲ್ಲ.

ಪದಗಳ ಅರ್ಥ

ನಂಟು – ಸಂಬಂಧ. ಪಡಸಾಲೆ – ಮನೆಯ ಹಜಾರ. ಕಾದು – ಯುದ್ಧಮಾಡು. ಸೆಣಸು – ಹೋರಾಡು. ವರ್ಗ – ಕೆಲಸದ ಸ್ಥಳದ ಬದಲಾವಣೆ. ಏರಿ – ಕೆರೆಯ ದಂಡೆ. ರುಜು – ಸಹಿ.

ಅಭ್ಯಾಸ

1. ನಾಯಿಯನ್ನು ತರುವ ವಿಷಯದಲ್ಲಿ ಮನೆಯವರು ಎತ್ತಿದ ಆಕ್ಷೇಪಣೆಗಳಾವುವು?
2. ಆತಕೂರಿನ ಶಾಸನದಲ್ಲಿರುವ ಸಂಗತಿಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. 'ನನಗೆ ನಾಯಿ ಬೇಡ' – ಈ ಮಾತನ್ನು ಯಾರು, ಯಾವ ಸಂದರ್ಭದಲ್ಲಿ ಹೇಳಿದರು? ಅದರ ಸ್ವಾರಸ್ಯವೇನು?
4. ಲೇಖಕರು ಪುಸ್ತಕದ ಕೊನೆಯ ಪುಟದಲ್ಲಿ ಬರೆದ ನಿಯಮಕ್ಕೂ ಅವರ ಬಾಲ್ಯದ ಅನುಭವಕ್ಕೂ ಇರುವ ಸಂಬಂಧವನ್ನು ವಿವರಿಸಿರಿ.